ಬೆನ್ನಿನ ಆಪರೇಷನ್ನಿನಲ್ಲಿ ಬಿಪಿ ಬೀಳದ ಹಾಗೆ ಕಾಯುವ ಮದ್ದು ಯಾವುದು?

ಪ್ರಶ್ನೆ: ನಮ್ಮಮ್ಮನಿಗೆ 63 ವರ್ಷ, ತೂಕ 60 ಕೆಜಿ. ಎಂಟು ವರ್ಷದಿಂದ ಬಿಪಿ ಇದೆ. ಬೆಳಿಗ್ಗೆ ಟೆಲ್ಮಿಸಾರ್ಟನ್, ರಾತ್ರಿ ಆಮ್ಲೋಡಿಪಿನ್ ತಗೋತಾರೆ. ಸೊಂಟದಲ್ಲಿ ಎಲ್4-ಎಲ್5 ಹತ್ತಿರ ನರ ಒತ್ತಿಕೊಂಡಿದೆ, ಸ್ಕ್ರೂ ಹಾಕಬೇಕು, ಮೂರು ನಾಲ್ಕು ಗಂಟೆ ಆಗುತ್ತೆ ಅಂದಿದ್ದಾರೆ. ಪ್ರೊಪೊಫಾಲ್ ಕೊಟ್ಟರೆ ಬಿಪಿ ಬಿದ್ದುಹೋಗುತ್ತೆ, ಎಟೊಮಿಡೇಟ್ ಇಲ್ಲಾ ಡೆಕ್ಸ್‌ಮೆಡಿಟೊಮಿಡಿನ್ ಕೇಳಿ ಅಂತ ಪರಿಚಯದವರೊಬ್ಬರು ಹೇಳಿದರು. ಯಾವುದನ್ನ ಕೇಳಬೇಕು? ಬೆನ್ನಿಗೆ ಇಂಜೆಕ್ಷನ್ ಕೊಟ್ಟೇ ಮಾಡೋಕಾಗಲ್ವಾ?

ಉತ್ತರ: ನೀವು ಭಯದಲ್ಲಿ ಬರೆದಿದ್ದೀರಿ ಅಂತ ಗೊತ್ತಾಗುತ್ತದೆ. ಅದಕ್ಕೆ ಮೊದಲು ನೇರ ಉತ್ತರ ಕೊಡುತ್ತೇನೆ. ಹೆಸರು ಹಿಡಿದು ಯಾವ ಮದ್ದನ್ನೂ ಕೇಳಬೇಡಿ. ಅರಿವು ತಪ್ಪಿಸಲು ನಿಮ್ಮಮ್ಮನಿಗೆ ಬಹುಶಃ ಪ್ರೊಪೊಫಾಲ್ ಅನ್ನೇ ಕೊಡುತ್ತಾರೆ. ನಿಧಾನವಾಗಿ, ಅಳತೆ ನೋಡಿ ಕೊಟ್ಟರೆ ಅದರಿಂದ ಹೆದರಬೇಕಾದ್ದು ಏನೂ ಇಲ್ಲ. ಬಿಪಿ ಬೀಳುವುದು ಮದ್ದಿನಿಂದ ಮಾತ್ರ ಅಲ್ಲ. ಮಲಗಿಸುವ ರೀತಿ, ಹೋಗುವ ರಕ್ತ, ಹಿಂದಿನ ದಿನ ನುಂಗಿದ ಮಾತ್ರೆ, ಎಲ್ಲದರ ಕೈಯೂ ಅದರಲ್ಲಿದೆ. ಒಂದೊಂದಾಗಿ ಹೇಳುತ್ತೇನೆ.

ಓಟಿಯಲ್ಲಿ, ಅಂದರೆ ಆಪರೇಷನ್ ಕೋಣೆಯಲ್ಲಿ, ಅರಿವಳಿಕೆ ವೈದ್ಯರಾದ ನಾವು ಮೇಲಿನ ಬಿಪಿ, ಕೆಳಗಿನ ಬಿಪಿ ಅಂತ ಜಾಸ್ತಿ ಮಾತಾಡುವುದಿಲ್ಲ. "ಮೀನ್ ಎಷ್ಟಿದೆ?" ಅಂತ ಕೇಳುತ್ತೇವೆ. ಮೀನ್ ಅಂದರೆ ಸರಾಸರಿ ಒತ್ತಡ. ಕೆಳಗಿನ ಬಿಪಿಗೆ, ಮೇಲಿನದಕ್ಕೂ ಕೆಳಗಿನದಕ್ಕೂ ಇರುವ ಅಂತರದ ಮೂರನೇ ಒಂದು ಪಾಲು ಸೇರಿಸಿದರೆ ಅದು ಸಿಗುತ್ತದೆ. 120/80 ಇದ್ದವರ ಮೀನ್ ಸುಮಾರು 93. ಮಾತ್ರೆ ತಗೊಂಡೂ ನಿಮ್ಮಮ್ಮನ ಬಿಪಿ 140/85 ಇರುತ್ತದೆ ಅಂದುಕೊಳ್ಳಿ, ಆಗ ಮೀನ್ 103. ಕಿಡ್ನಿ, ಮಿದುಳು, ಹೃದಯಕ್ಕೆ ರಕ್ತ ಸರಿಯಾಗಿ ಸಿಗುತ್ತಿದೆಯೋ ಇಲ್ಲವೋ ಅಂತ ಅಂದಾಜು ಮಾಡಲು ನಾವು ನೆಚ್ಚಿಕೊಳ್ಳುವ ಅಂಕಿ ಇದು.

ಮೀನ್ 65ಕ್ಕಿಂತ ಕೆಳಗೆ ಹೋಗಿ ಹಾಗೇ ನಿಂತರೆ ಕಿಡ್ನಿಗೂ ಹೃದಯಕ್ಕೂ ಪೆಟ್ಟಾಗುವ ಸಂಭವ ಹೆಚ್ಚುತ್ತದೆ ಅನ್ನುವುದು ಬೇರೆ ಬೇರೆ ಅಧ್ಯಯನಗಳಲ್ಲಿ ಕಂಡಿದೆ. ಆದರೆ 65 ಎಲ್ಲರಿಗೂ ಒಂದೇ ಗೆರೆ ಅಲ್ಲ. ವರ್ಷಗಟ್ಟಲೆ ಹೆಚ್ಚು ಒತ್ತಡಕ್ಕೆ ಒಗ್ಗಿದ ರಕ್ತನಾಳಗಳಿಗೆ 70 ಕೂಡ ಕಡಿಮೆಯೇ ಆಗಬಹುದು. ಅದಕ್ಕೇ ರೋಗಿಯ ಮಾಮೂಲಿ ಅಂಕಿಯಿಂದ ಶೇ. 20ಕ್ಕಿಂತ ಕೆಳಗೆ ಬಿಡಬಾರದು ಅಂತ ನಮ್ಮಲ್ಲಿ ಬಹಳ ಜನ ಇಟ್ಟುಕೊಂಡಿದ್ದೇವೆ. ನಿಮ್ಮಮ್ಮನ ಲೆಕ್ಕದಲ್ಲಿ ಅದು ಸುಮಾರು 82. ಫ್ರಾನ್ಸಿನಲ್ಲಿ ದೊಡ್ಡ ಆಪರೇಷನ್ ಆದ 298 ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ 2017ರಲ್ಲಿ ಹೊರಬಂತು. ಒಂದು ಗುಂಪಿಗೆ ಅವರವರ ಮಾಮೂಲಿ ಬಿಪಿಯ ಹತ್ತಿರವೇ ಹಿಡಿದಿಟ್ಟರು. ಇನ್ನೊಂದು ಗುಂಪಿಗೆ ಬಿಪಿ ಚೆನ್ನಾಗಿ ಇಳಿದ ಮೇಲಷ್ಟೇ ಮದ್ದು ಕೊಟ್ಟರು. ಅಂಗಾಂಗಗಳಿಗೆ ತೊಂದರೆ ಆದದ್ದು ಮೊದಲನೇ ಗುಂಪಿನಲ್ಲಿ ಶೇ. 38, ಎರಡನೆಯದರಲ್ಲಿ ಶೇ. 52. ವಯಸ್ಸಾದವರ, ಬಿಪಿ ಇರುವವರ ಆಪರೇಷನ್ನಿನಲ್ಲಿ ಈ ಅಧ್ಯಯನ ನನಗೆ ಪದೇ ಪದೇ ನೆನಪಾಗುತ್ತದೆ.

ಇಲ್ಲೊಂದು ಸಮಾಧಾನದ ಮಾತು. ಬೆನ್ನುಹುರಿ ಸೊಂಟದ ಕೊನೆಯವರೆಗೂ ಬರುವುದಿಲ್ಲ. ದೊಡ್ಡವರಲ್ಲಿ ಅದು ಎಲ್1-ಎಲ್2, ಅಂದರೆ ಸೊಂಟದ ಮೊದಲ ಎರಡು ಮೂಳೆಗಳ ಹತ್ತಿರವೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಇರುವುದು ಕುದುರೆ ಬಾಲದ ಹಾಗೆ ಇಳಿಬಿದ್ದ ನರಗಳ ಗೊಂಚಲು. ಕತ್ತಿನಲ್ಲಿ ಬೆನ್ನುಹುರಿ ಒತ್ತಿಕೊಂಡವರಲ್ಲಿ, ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದವರಲ್ಲಿ ಬಿಪಿ ಸ್ವಲ್ಪ ಇಳಿದರೂ ಹುರಿಗೇ ರಕ್ತ ಸಾಲದೆ ಹೋಗಬಹುದು. ಹುರಿಗೆ ಹೊಸದಾಗಿ ಪೆಟ್ಟಾದವರಲ್ಲಿ ಮೀನ್ 85ರಿಂದ 90ರ ಮಧ್ಯೆ ಹಿಡಿಯುವ ರೂಢಿ ಬಂದದ್ದು ಇದಕ್ಕೇ. ಎಲ್4-ಎಲ್5ರಲ್ಲಿ ಆ ಭಯ ಇಲ್ಲ. ನಿಮ್ಮಮ್ಮನ ವಿಷಯದಲ್ಲಿ ನಾವು ಕಾಯುವುದು ಕಿಡ್ನಿ, ಹೃದಯ, ಮಿದುಳು ಮತ್ತು ಕಣ್ಣನ್ನು.

ಬೆನ್ನಿನ ಆಪರೇಷನ್ನಿನಲ್ಲಿ ಬಿಪಿ ಬೀಳುವ ಹೊತ್ತುಗಳು ಮೊದಲೇ ಗೊತ್ತಿರುತ್ತವೆ. ಒಂದು, ಅರಿವು ತಪ್ಪಿಸಿದ ಮೊದಲ ಹತ್ತು ನಿಮಿಷ. ಇನ್ನೊಂದು, ಬೋರಲು ಮಲಗಿಸಿದಾಗ. ಮೂರನೆಯದು ಸ್ಕ್ರೂ ಕೂರಿಸಿ ಮೂಳೆ ತೆಗೆಯುವಾಗ ರಕ್ತ ಹೋದಾಗ.

ಬೋರಲು ಮಲಗಿಸುವ ಗಳಿಗೆಯನ್ನು ನೀವು ಕಣ್ಣಾರೆ ನೋಡಿದ್ದರೆ ಮದ್ದಿನ ಬಗ್ಗೆ ಇಷ್ಟು ಚಿಂತೆ ಮಾಡುತ್ತಿರಲಿಲ್ಲ. ರೋಗಿ ಟ್ರಾಲಿ ಮೇಲೆ ಅಂಗಾತ ಮಲಗಿರುತ್ತಾರೆ, ಬಾಯಲ್ಲಿ ಉಸಿರಿನ ಟ್ಯೂಬ್. ಆಚೆ ಇಬ್ಬರು, ಈಚೆ ಇಬ್ಬರು, ಕಾಲ ಬಳಿ ಒಬ್ಬರು. ತಲೆ ಮತ್ತು ಟ್ಯೂಬ್ ನನ್ನ ಕೈಯಲ್ಲಿ. ನಾನು "ಒಂದು, ಎರಡು, ಮೂರು" ಅಂದ ಮೇಲೆಯೇ ಎಲ್ಲರೂ ಒಟ್ಟಿಗೆ ತಿರುಗಿಸುತ್ತಾರೆ. ತಿರುಗಿಸಿದ ಮೇಲೆ ನಾನು ಮೊದಲು ಕೈ ಹಾಕುವುದು ಹೊಟ್ಟೆಯ ಕೆಳಗೆ. ಎದೆಯ ಕೆಳಗೂ ಸೊಂಟದ ಕೆಳಗೂ ದಿಂಬು ಕೊಟ್ಟು ಹೊಟ್ಟೆಯನ್ನು ಜೋತುಬಿಟ್ಟಿರಬೇಕು. ಅಂಗೈ ಸಲೀಸಾಗಿ ಒಳಗೆ ಹೋಗಿ ಬಂದರೆ ಸರಿ, ಸಿಕ್ಕಿಹಾಕಿಕೊಂಡರೆ ದಿಂಬು ಸರಿಸಲೇಬೇಕು.

ಯಾಕೆ ಇಷ್ಟು ಪಟ್ಟು ಅಂದರೆ, ಹೊಟ್ಟೆ ಒತ್ತಿದರೆ ಕಾಲಿನಿಂದ ಹೃದಯಕ್ಕೆ ಹೋಗುವ ದೊಡ್ಡ ಅಭಿಧಮನಿ ಅಮುಕಿಹೋಗುತ್ತದೆ. ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆ, ಅದು ಹೊರಗೆ ತಳ್ಳುವುದೂ ಕಡಿಮೆ, ಬಿಪಿ ಕೆಳಗೆ. ಅಷ್ಟಕ್ಕೇ ಮುಗಿಯುವುದಿಲ್ಲ. ದಾರಿ ಮುಚ್ಚಿಹೋದ ಆ ರಕ್ತ ಬೆನ್ನುಮೂಳೆಯ ಒಳಗಿನ ಸಣ್ಣ ರಕ್ತನಾಳಗಳಿಗೆ ನುಗ್ಗುತ್ತದೆ. ಅವುಗಳಿಗೆ ಕವಾಟವೇ ಇಲ್ಲ, ಉಬ್ಬಿ ನಿಲ್ಲುತ್ತವೆ. ಸರ್ಜನ್ ಕೆಲಸ ಮಾಡುವ ಜಾಗವೇ ಅದು. ಬಿಪಿಯೂ ಕಡಿಮೆ, ರಕ್ತಸ್ರಾವವೂ ಜಾಸ್ತಿ. ಹೊಟ್ಟೆ ಸಡಿಲವಾಗಿದ್ದರೆ ಎರಡೂ ಒಟ್ಟಿಗೆ ಹತೋಟಿಗೆ ಬರುತ್ತವೆ. ಇಷ್ಟು ಲಾಭ ಕೊಡುವ ಮದ್ದು ನನ್ನ ಟ್ರೇಯಲ್ಲಿ ಒಂದೂ ಇಲ್ಲ.

ಈಗ ನೀವು ಕೇಳಿದ ಮದ್ದುಗಳಿಗೆ ಬರೋಣ.

ಪ್ರೊಪೊಫಾಲ್ ಹಾಲಿನಂತೆ ಬೆಳ್ಳಗಿರುತ್ತದೆ. ಸೋಯಾ ಎಣ್ಣೆ ಮತ್ತು ಮೊಟ್ಟೆಯಿಂದ ತೆಗೆದ ಲೆಸಿಥಿನ್‌ನಲ್ಲಿ ಬೆರೆಸಿದ್ದರಿಂದ ಅದಕ್ಕೆ ಆ ಬಣ್ಣ. 1986ರಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂತು. ಇದನ್ನು ಕಂಡುಹಿಡಿದ ಜಾನ್ ಗ್ಲೆನ್ ಪಶುವೈದ್ಯರು, ಅವರಿಗೆ 2018ರಲ್ಲಿ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ ಸಿಕ್ಕಿತು. ಇದು ಬಿಪಿ ಇಳಿಸುವುದು ನಿಜ. ರಕ್ತನಾಳಗಳನ್ನು ಸಡಿಲ ಮಾಡುತ್ತದೆ. ಜೊತೆಗೆ, ಬಿಪಿ ಇಳಿದಾಗ ಹೃದಯ ಜೋರಾಗಿ ಬಡಿದು ಸರಿದೂಗಿಸುವ ಸಹಜ ಪ್ರತಿಕ್ರಿಯೆಯನ್ನೂ ಮಂಕಾಗಿಸುತ್ತದೆ.

ಆದರೆ ಬಿಪಿ ಎಷ್ಟು ಇಳಿಯುತ್ತದೆ ಅನ್ನುವುದು ಕೊಡುವ ಕೈಯನ್ನು ಅವಲಂಬಿಸಿದೆ. ಒಂದು ಎಂ.ಎಲ್‌ಗೆ 10 ಮಿ.ಗ್ರಾಂ. ಲೆಕ್ಕದಲ್ಲಿ 20 ಎಂ.ಎಲ್ ಸಿರಿಂಜಿನಲ್ಲಿ 200 ಮಿ.ಗ್ರಾಂ. ಇರುತ್ತದೆ. ಇಪ್ಪತ್ತೈದರ ಹುಡುಗನಿಗೆ ಕೆಜಿಗೆ ಎರಡರಿಂದ ಎರಡೂವರೆ ಮಿ.ಗ್ರಾಂ. ಬೇಕಾಗಬಹುದು. ನಿಮ್ಮಮ್ಮನಿಗೆ ಒಂದರಿಂದ ಒಂದೂವರೆ ಸಾಕು. ಅಂದರೆ 60ರಿಂದ 90 ಮಿ.ಗ್ರಾಂ., ಸಿರಿಂಜಿನ ಅರ್ಧಕ್ಕಿಂತ ಕಡಿಮೆ. ವಯಸ್ಸಾದವರಲ್ಲಿ ರಕ್ತ ಓಡುವುದು ನಿಧಾನ. ಕೈಗೆ ಕೊಟ್ಟದ್ದು ಮಿದುಳು ಮುಟ್ಟಲು ಹೊತ್ತು ಹಿಡಿಯುತ್ತದೆ. "ಇನ್ನೂ ನಿದ್ದೆ ಬಂದಿಲ್ಲವಲ್ಲ" ಅಂತ ಅವಸರದಲ್ಲಿ ಇನ್ನಷ್ಟು ತಳ್ಳಿದರೆ, ಎರಡು ನಿಮಿಷ ಬಿಟ್ಟು ಅದೆಲ್ಲ ಒಟ್ಟಿಗೆ ಕೆಲಸ ಮಾಡುತ್ತದೆ. ನಾನು ಒಂದೊಂದು ಎರಡೆರಡು ಎಂ.ಎಲ್ ಕೊಟ್ಟು, ರೋಗಿಯನ್ನು ಮಾತಾಡಿಸುತ್ತಾ ಕಾಯುತ್ತೇನೆ. ಮೊಮ್ಮಕ್ಕಳ ಹೆಸರು ಕೇಳುತ್ತೇನೆ. ಮೂರನೇ ಹೆಸರಿಗೆ ನಾಲಿಗೆ ತೊದಲಿದರೆ ಅಲ್ಲಿಗೆ ನಿಲ್ಲಿಸುತ್ತೇನೆ.

ಎಟೊಮಿಡೇಟ್ ಬಿಪಿಯನ್ನು ಬಹುಮಟ್ಟಿಗೆ ಇದ್ದ ಹಾಗೇ ಬಿಡುತ್ತದೆ, ಅದು ಹೌದು. ಹೃದಯದ ಪಂಪಿಂಗ್ ತೀರಾ ಕಡಿಮೆ ಇದ್ದವರಿಗೆ ನಾನೂ ಅದನ್ನೇ ಹಿಡಿಯುತ್ತೇನೆ. ಆದರೆ ಅದಕ್ಕೂ ಬೆಲೆ ಇದೆ. ಒಂದೇ ಡೋಸ್ ಸಾಕು, ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ (ದೇಹ ಒತ್ತಡ ತಾಳಲು ಬೇಕಾದ ಹಾರ್ಮೋನು) ಮಾಡುವುದನ್ನು ತುಂಬಾ ಹೊತ್ತು, ಕೆಲವರಲ್ಲಿ ಒಂದು ದಿನದವರೆಗೂ ತಡೆಯುತ್ತದೆ. ದೊಡ್ಡ ಆಪರೇಷನ್ ಆದ ದೇಹಕ್ಕೆ ಕಾರ್ಟಿಸಾಲ್ ಬೇಕಾಗಿರುವುದು ಆವತ್ತೇ ಅಲ್ವಾ? ಕೊಟ್ಟ ಕೂಡಲೇ ಹಲವರಲ್ಲಿ ಕೈಕಾಲು ಅದುರುತ್ತವೆ. ಎದ್ದ ಮೇಲೆ ವಾಂತಿಯೂ ಹೆಚ್ಚು. ಇನ್ನೊಂದು ವಿಷಯ: ಇದಕ್ಕೆ ನೋವು ತಡೆಯುವ ಗುಣ ಇಲ್ಲ. ಗಂಟಲಿಗೆ ಟ್ಯೂಬ್ ಹಾಕುವಾಗ ಬಿಪಿ 200 ದಾಟಿ ಹಾರಬಹುದು. ಬಿಪಿ ಇದ್ದವರಲ್ಲಿ ಹಾಗೆ ಏರುವುದೂ ಒಳ್ಳೆಯದಲ್ಲ. ಹೃದಯ ಗಟ್ಟಿಯಾಗಿದ್ದರೆ ನಿಮ್ಮಮ್ಮನಿಗೆ ಎಟೊಮಿಡೇಟ್ ಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಕೆಟಮಿನ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. 1970ರಲ್ಲಿ ಅಮೆರಿಕದಲ್ಲಿ ಮಂಜೂರಾದ ಹಳೆಯ ಮದ್ದು ಇದು. ಇದು ಬಿಪಿಯನ್ನು ಏರಿಸುತ್ತದೆ. ಪೂರಾ ಡೋಸ್ ಕೊಟ್ಟರೆ ಬಿಪಿ ರೋಗಿಗೆ ಜಾಸ್ತಿಯೇ ಆಗುತ್ತದೆ, ಕೆಟ್ಟ ಕನಸು, ಗೊಂದಲವೂ ಬರಬಹುದು. ಆದರೆ ಪ್ರೊಪೊಫಾಲ್ ಜೊತೆಗೆ ಕೆಜಿಗೆ ಕಾಲು ಮಿ.ಗ್ರಾಂ.ನಷ್ಟು ಸೇರಿಸಿದರೆ ಒಂದು ಇಳಿಸುವುದನ್ನು ಇನ್ನೊಂದು ಎತ್ತುತ್ತದೆ. ಮುಂದೆ ನೋವಿಗೂ ಒಳ್ಳೆಯದು. ಬೆನ್ನಿನ ಆಪರೇಷನ್ನಿಗೆ ಈ ಜೋಡಿ ನನಗೆ ಬಹಳ ಇಷ್ಟ. ಅಷ್ಟೇ ಮುಖ್ಯವಾದದ್ದು ಫೆಂಟನಿಲ್ ಅನ್ನುವ ಬಲವಾದ ನೋವಿನ ಮದ್ದು. ಟ್ಯೂಬ್ ಹಾಕುವ ಮೂರು ನಿಮಿಷ ಮೊದಲು ಕೊಟ್ಟರೆ ಬಿಪಿ ಹಾರುವುದಿಲ್ಲ, ಪ್ರೊಪೊಫಾಲ್ ಕೂಡ ಕಡಿಮೆ ಸಾಕಾಗುತ್ತದೆ.

ಅರಿವು ತಪ್ಪಿದ ಮೇಲೆ ಆ ಸ್ಥಿತಿಯನ್ನು ಮೂರು ನಾಲ್ಕು ಗಂಟೆ ಉಳಿಸಬೇಕಲ್ಲ. ಅದಕ್ಕೆ ಎರಡು ದಾರಿ. ಸೆವೊಫ್ಲುರೇನ್‌ನಂಥ ಗ್ಯಾಸ್, ಇಲ್ಲವೇ ಸಿರಿಂಜ್ ಪಂಪಿನಲ್ಲಿ ಪ್ರೊಪೊಫಾಲ್. ಎರಡೂ ರಕ್ತನಾಳ ಸಡಿಲಿಸುತ್ತವೆ, ಬಿಪಿ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ನರದ ಸಿಗ್ನಲ್ ನೋಡುವ ಆಪರೇಷನ್‌ಗಳಲ್ಲಿ. ಬೆನ್ನು ಸೊಟ್ಟಗಿರುವ ಮಕ್ಕಳಿಗೆ ರಾಡ್ ಹಾಕುವಾಗ, ಕತ್ತಿನ ಹುರಿಯ ಆಪರೇಷನ್ ಮಾಡುವಾಗ ತಲೆಯಿಂದ ಕಾಲಿಗೆ ಸಿಗ್ನಲ್ ಕಳಿಸಿ ನೋಡುತ್ತಾರೆ. ಗ್ಯಾಸ್ ಆ ಸಿಗ್ನಲ್ಲನ್ನು ಕುಗ್ಗಿಸುತ್ತದೆ. ಅಲ್ಲಿ ಪ್ರೊಪೊಫಾಲ್ ಪಂಪೇ ಸರಿ. ಅಂಥ ಆಪರೇಷನ್ನಿನಲ್ಲಿ ಸಿಗ್ನಲ್ ಇದ್ದಕ್ಕಿದ್ದ ಹಾಗೆ ಕುಸಿದರೆ, ಸರ್ಜನ್ ಕೈ ನಿಲ್ಲಿಸಿದ ಕೂಡಲೇ ನಾವು ಮಾಡುವ ಮೊದಲ ಕೆಲಸ ಮೀನ್ ಅನ್ನು 85ರ ಮೇಲೆ ಎತ್ತುವುದು. ಎಷ್ಟೋ ಸಲ ಅಷ್ಟರಿಂದಲೇ ಸಿಗ್ನಲ್ ವಾಪಸ್ ಬರುತ್ತದೆ. ನಿಮ್ಮಮ್ಮನಿಗೆ ಅಂಥ ಮಾನಿಟರ್ ಹಾಕದಿದ್ದರೆ ಗ್ಯಾಸ್ ಆದರೂ ಆದೀತು, ಪಂಪ್ ಆದರೂ ಆದೀತು. ನಿಮ್ಮ ಡಾಕ್ಟರಿಗೆ ಯಾವುದು ಕೈಗೆ ಪಳಗಿದೆಯೋ ಅದೇ ಒಳ್ಳೆಯದು.

ಡೆಕ್ಸ್‌ಮೆಡಿಟೊಮಿಡಿನ್ ಬಗ್ಗೆ ಈಗ ಎಲ್ಲ ಕಡೆ ಮಾತು. ನನಗೂ ಇದು ಮೆಚ್ಚಿನ ಮದ್ದೇ. ನೋವಿನ ಮದ್ದು, ಮತ್ತಿನ ಮದ್ದು ಎರಡೂ ಕಡಿಮೆ ಸಾಕಾಗುತ್ತವೆ, ರೋಗಿ ಕಿರುಚಾಟ ಇಲ್ಲದೆ ಶಾಂತವಾಗಿ ಏಳುತ್ತಾರೆ, ಬಿಪಿ ಮೇಲೆ ಹಾರುವುದು ಕಡಿಮೆ. ಆದರೆ "ಬಿಪಿ ಬೀಳದ ಮದ್ದು" ಅಂತ ಅದನ್ನು ಕೇಳುವುದಾದರೆ ತಪ್ಪು ತಿಳಿವಳಿಕೆ. ಅದು ಬಿಪಿ ಇಳಿಸುವ ಮದ್ದೇ. ಶುರುವಿನಲ್ಲಿ ಹತ್ತು ನಿಮಿಷದ ಉದ್ದಕ್ಕೂ ನಿಧಾನವಾಗಿ ಕೆಜಿಗೆ ಒಂದು ಮೈಕ್ರೋಗ್ರಾಂ ಕೊಡುವ ಪದ್ಧತಿ ಇದೆ. ಬೇಗ ಕೊಟ್ಟರೆ ಬಿಪಿ ಮೊದಲು ಏರುತ್ತದೆ, ನಾಡಿ ನಿಧಾನ ಆಗುತ್ತದೆ, ಆಮೇಲೆ ಬಿಪಿ ಇಳಿಯುತ್ತದೆ. ನಾಡಿ ಕೆಲವರಲ್ಲಿ 45ಕ್ಕೆ ಬರುವುದೂ ಉಂಟು. ರಕ್ತ ಹೋಗುತ್ತಿರುವಾಗ ಹೃದಯ ಜೋರಾಗಿ ಬಡಿದು ಸರಿದೂಗಿಸಬೇಕು, ಇದು ಅದನ್ನೂ ಹಿಡಿದಿಡುತ್ತದೆ. ಪಂಪ್ ನಿಲ್ಲಿಸಿದರೂ ಅದರ ಪ್ರಭಾವ ತಕ್ಷಣ ಇಳಿಯುವುದಿಲ್ಲ, ದೇಹದಲ್ಲಿ ಅದು ಅರ್ಧಕ್ಕೆ ಇಳಿಯಲೇ ಸುಮಾರು ಎರಡು ಗಂಟೆ ಬೇಕು. ಹಾಗಾಗಿ ನಾನು ಶುರುವಿನ ದೊಡ್ಡ ಡೋಸ್ ಬಿಟ್ಟು, ಗಂಟೆಗೆ ಕೆಜಿಗೆ 0.2ರಿಂದ 0.4 ಮೈಕ್ರೋಗ್ರಾಂ ಅಷ್ಟೇ ಹರಿಸುತ್ತೇನೆ. ಇಸಿಜಿಯಲ್ಲಿ ಹಾರ್ಟ್ ಬ್ಲಾಕ್ (ಹೃದಯ ಬಡಿಸುವ ವಿದ್ಯುತ್ ಸಂಕೇತಕ್ಕೆ ತಡೆ) ಇದ್ದರೆ ಅದನ್ನು ಮುಟ್ಟುವುದೇ ಇಲ್ಲ.

ಬಿಪಿಯನ್ನು ನಿಜವಾಗಿ ಎತ್ತಿ ಹಿಡಿಯುವ ಮದ್ದುಗಳ ಹೆಸರು ನಿಮ್ಮ ಪತ್ರದಲ್ಲಿ ಇಲ್ಲವೇ ಇಲ್ಲ. ನಮ್ಮ ದೇಶದ ಓಟಿಗಳಲ್ಲಿ ಮೆಫೆಂಟರ್ಮಿನ್ ಮಾಮೂಲಿ. ಅದರ ಜೊತೆಗೆ ಫಿನೈಲೆಫ್ರಿನ್, ನಾರ್‌ಅಡ್ರಿನಲಿನ್. ನಾಡಿಯೂ ನಿಧಾನ, ಬಿಪಿಯೂ ಕಡಿಮೆ ಇದ್ದರೆ ಮೆಫೆಂಟರ್ಮಿನ್ ಎರಡನ್ನೂ ಎತ್ತುತ್ತದೆ. ಫಿನೈಲೆಫ್ರಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಆದರೆ ನಾಡಿ ಇಳಿಯುತ್ತದೆ. ಉದ್ದದ ಆಪರೇಷನ್ನಿಗೆ ನನ್ನ ಆಯ್ಕೆ ನಾರ್‌ಅಡ್ರಿನಲಿನ್, ತೀರಾ ಸಣ್ಣ ಪ್ರಮಾಣದಲ್ಲಿ, ಪಂಪಿನಲ್ಲಿ. ಬಿಪಿ ಬಿದ್ದ ಮೇಲೆ ಹುಡುಕುವುದಲ್ಲ, ರೋಗಿ ಒಳಗೆ ಬರುವ ಮೊದಲೇ ತುಂಬಿಸಿ ಚೀಟಿ ಅಂಟಿಸಿ ಇಟ್ಟಿರುತ್ತೇವೆ. ಮಣಿಕಟ್ಟಿನ ಅಪಧಮನಿಗೆ ಸಣ್ಣ ಕೊಳವೆ ಹಾಕಿದರೆ ಪ್ರತಿ ಬಡಿತದ ಬಿಪಿಯೂ ಪರದೆ ಮೇಲೆ ಬರುತ್ತದೆ. ತೋಳಿನ ಪಟ್ಟಿ ಐದು ನಿಮಿಷಕ್ಕೊಮ್ಮೆ ಹೇಳುವುದನ್ನು ಇದು ಆ ಕ್ಷಣವೇ ತೋರಿಸುತ್ತದೆ.

ಬಿಪಿ ಇಳಿದರೆ ರಕ್ತ ಕಡಿಮೆ ಹೋಗುತ್ತದೆ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಹಿಂದೆ ಹಾಗೇ ಮಾಡುತ್ತಿದ್ದರು. ಬೇಕೆಂದೇ ಮೀನ್ 50-60ಕ್ಕೆ ಇಳಿಸಿ ಬೆನ್ನಿನ ಆಪರೇಷನ್ ಮಾಡುವ ಕಾಲ ಇತ್ತು. ಬರುಬರುತ್ತಾ ಅದು ಹಿಂದೆ ಸರಿಯಿತು. ಬೋರಲು ಮಲಗಿಸಿ ತುಂಬಾ ಹೊತ್ತು ಆಪರೇಷನ್ ಆದವರಲ್ಲಿ, ಅಪರೂಪಕ್ಕೆ ಆದರೂ, ಕಣ್ಣಿನ ನರಕ್ಕೆ ರಕ್ತ ಸಾಲದೆ ದೃಷ್ಟಿ ಹೋದದ್ದುಂಟು. ಅಂಥವರ ವಿವರ ಕಲೆಹಾಕಲು ಅಮೆರಿಕದ ಅರಿವಳಿಕೆ ತಜ್ಞರ ಸಂಘ 1999ರಲ್ಲಿ ಒಂದು ದಾಖಲೆ ಪಟ್ಟಿಯನ್ನೇ ಶುರು ಮಾಡಿತು. ಆಪರೇಷನ್ನಿನ ಉದ್ದ, ಹೋದ ರಕ್ತ, ಬೊಜ್ಜು ಇವೆಲ್ಲ ಅದರ ಕಾರಣಗಳ ಸಾಲಿನಲ್ಲಿ ಬಂದವು. ಈಗ ರಕ್ತ ಉಳಿಸಲು ಬಿಪಿ ಇಳಿಸುವ ಬದಲು ಟ್ರಾನೆಕ್ಸಾಮಿಕ್ ಆಸಿಡ್ ಕೊಡುತ್ತೇವೆ. ಕಟ್ಟಿದ ರಕ್ತ ಬೇಗ ಕರಗದ ಹಾಗೆ ಅದು ತಡೆಯುತ್ತದೆ. ಜಪಾನಿನ ಉತಾಕೊ ಒಕಾಮೊಟೊ ಅನ್ನುವ ವೈದ್ಯೆ ಮತ್ತು ಅವರ ಪತಿ 1962ರಲ್ಲಿ ಜಗತ್ತಿಗೆ ತಿಳಿಸಿದ ಮದ್ದು ಅದು. ಹೆರಿಗೆಯಲ್ಲಿ ರಕ್ತಸ್ರಾವ ಆಗಿ ಸಾಯುವ ತಾಯಂದಿರನ್ನು ಉಳಿಸಬೇಕು ಅಂತ ಹುಡುಕಿದವರು ಅವರು. ಇಂದು ಬೆನ್ನಿನ ಓಟಿಯಲ್ಲಿ ಅದು ಇಲ್ಲದ ದಿನ ನೆನಪಿಲ್ಲ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಬಹುದಾ? ಒಂದೂವರೆ ಎರಡು ಗಂಟೆಯಲ್ಲಿ ಮುಗಿಯುವ ಡಿಸ್ಕ್ ಆಪರೇಷನ್ ಆಗಿದ್ದರೆ ಖಂಡಿತ. ಅದರಲ್ಲೂ ಬಿಪಿ ಇಳಿಯುತ್ತದೆ ಅನ್ನುವುದು ನೆನಪಿರಲಿ. ಸೊಂಟದಿಂದ ಕೆಳಗಿನ ರಕ್ತನಾಳಗಳೆಲ್ಲ ಸಡಿಲ ಆಗುತ್ತವೆ. ಆದರೆ ನಿಮ್ಮಮ್ಮನದು ಸ್ಕ್ರೂ ಹಾಕುವ ಮೂರು ನಾಲ್ಕು ಗಂಟೆಯ ಕೆಲಸ. ಇಂಜೆಕ್ಷನ್ ಎರಡು ಮೂರು ಗಂಟೆಗೆ ಇಳಿಯುತ್ತಾ ಬರುತ್ತದೆ. ಬೋರಲು ಮಲಗಿರುವವರಿಗೆ ಮಧ್ಯದಲ್ಲಿ ಉಸಿರಿನ ಟ್ಯೂಬ್ ಹಾಕುವುದು ತುಂಬಾ ಕಷ್ಟ. ಅದಕ್ಕೆ ಪೂರ್ತಿ ಅರಿವಳಿಕೆಯೇ ಕ್ಷೇಮ.

ಇನ್ನು ಟೆಲ್ಮಿಸಾರ್ಟನ್. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಇಲ್ಲಿ. ಈ ಜಾತಿಯ ಮಾತ್ರೆ ಆಪರೇಷನ್ ದಿನ ಬೆಳಿಗ್ಗೆ ನುಂಗಿ ಬಂದರೆ, ಅರಿವಳಿಕೆ ಕೊಟ್ಟ ಮೇಲೆ ಬಿಪಿ ಬಿದ್ದು, ಮಾಮೂಲಿ ಮದ್ದಿಗೆ ಬಗ್ಗದೆ ಹೋಗಬಹುದು. ಬಿಪಿ ಇಳಿದಾಗ ದೇಹ ತಾನೇ ರಕ್ತನಾಳ ಬಿಗಿ ಮಾಡಿಕೊಳ್ಳುವ ಒಂದು ದಾರಿಯನ್ನೇ ಈ ಮಾತ್ರೆ ಮುಚ್ಚಿರುತ್ತದೆ. 2024ರಲ್ಲಿ ಫ್ರಾನ್ಸಿನಿಂದ ಬಂದ ದೊಡ್ಡ ಅಧ್ಯಯನದಲ್ಲಿ, ಇಂಥ ಮಾತ್ರೆ ಮುಂದುವರಿಸಿದವರಿಗೂ ಎರಡು ದಿನ ಮೊದಲೇ ನಿಲ್ಲಿಸಿದವರಿಗೂ ಕೊನೆಯಲ್ಲಿ ಆದ ತೊಂದರೆ ಹೆಚ್ಚುಕಡಿಮೆ ಒಂದೇ ಇತ್ತು. ಆದರೆ ಮುಂದುವರಿಸಿದವರಲ್ಲಿ ಆಪರೇಷನ್ ಹೊತ್ತಿಗೆ ಬಿಪಿ ಬಿದ್ದದ್ದು ಜಾಸ್ತಿ. ಬೋರಲು ಮಲಗುವ, ರಕ್ತ ಹೋಗುವ ಆಪರೇಷನ್ನಿಗೆ ನಾನಂತೂ 24 ಗಂಟೆ ಮೊದಲೇ ನಿಲ್ಲಿಸಲು ಹೇಳುತ್ತೇನೆ. ಆಮ್ಲೋಡಿಪಿನ್ ಅನ್ನು ಸಾಮಾನ್ಯವಾಗಿ ಮುಂದುವರಿಸುತ್ತೇವೆ. ಆದರೆ ನನ್ನ ಮಾತು ಓದಿ ನೀವೇ ಮಾತ್ರೆ ನಿಲ್ಲಿಸಬೇಡಿ, ದಯವಿಟ್ಟು. ಪಿಎಸಿ ಅಂತ ಕರೆಯುವ ಅರಿವಳಿಕೆ ಮುಂಚಿನ ತಪಾಸಣೆಗೆ ಕರೆಯುತ್ತಾರೆ, ಅಲ್ಲಿ ಕೇಳಿ.

ಅಲ್ಲಿ ಇನ್ನೂ ಮೂರು ಪ್ರಶ್ನೆ ಕೇಳಿ: ಅಮ್ಮನ ಬಿಪಿಯನ್ನ ಎಷ್ಟಕ್ಕಿಂತ ಕೆಳಗೆ ಬಿಡಲ್ಲ? ಮಣಿಕಟ್ಟಿಗೆ ಕೊಳವೆ ಹಾಕ್ತೀರಾ? ಆಪರೇಷನ್ ಆದ ರಾತ್ರಿ ಬಿಪಿ ಯಾರು ನೋಡ್ತಾರೆ? ಯಾವ ಒಳ್ಳೆಯ ಡಾಕ್ಟರೂ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಹೋಗುವ ಮೊದಲು ಮನೆಯಲ್ಲಿ ಒಂದು ಕೆಲಸ ಮಾಡಿ. ಅಮ್ಮನನ್ನು ಐದು ನಿಮಿಷ ಸುಮ್ನೆ ಕೂರಿಸಿ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ಒಂದು ವಾರ ಬಿಪಿ ನೋಡಿ ಬರೆದಿಡಿ. ಆಸ್ಪತ್ರೆಯಲ್ಲಿ ನೋಡುವ ಬಿಪಿ ಗಾಬರಿಯದ್ದು, ಅದು ಲೆಕ್ಕಕ್ಕೆ ಬರುವುದಿಲ್ಲ. ಆ ಚೀಟಿಯನ್ನೂ, ತಗೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ, ಕಷಾಯ ಪುಡಿ ಏನಾದರೂ ಇದ್ದರೆ ಅದನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಅವರ ಮೀನ್ ಎಷ್ಟಕ್ಕೆ ಹಿಡಿಯಬೇಕು ಅಂತ ನಾವು ಲೆಕ್ಕ ಹಾಕುವುದು ಆ ಚೀಟಿಯಿಂದಲೇ.